ಗಳಿಗೆ ಮುರಿಯದ ಸೀರೆ

ನನ್ನ ಮೈ ಬೇರೆ ಹುಟ್ಟಿತು, ಸೆರಗು ಬೇರೆ ಹುಟ್ಟಿತು. ಒಗಟು ಹೇಳುತ್ತಿಲ್ಲ. ನಾನು ಇಳಕಲ್ಲಿನ ಸೀರೆ. ನಮ್ಮ ಕುಲದವರು ಹುಟ್ಟುವುದೇ ಹೀಗೆ. ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಕಾರ ಮಗ್ಗದ ಗುಂಡಿಗೆ ಇಳಿಯುತ್ತಾನೆ. ನನ್ನನ್ನು ನೇಯ್ದವನು ತಿಪ್ಪಣ್ಣ; ಕೊಂಡಿ ಹಾಕಿದವಳು ಅವನ ಹೆಂಡತಿ ಹುಲಿಗೆಮ್ಮ. ದಿನವಿಡೀ ಬೆನ್ನು ಬಗ್ಗಿಸಿ ಕೂತು, ಸಂಜೆ ಸೊಂಟ ಹಿಡಿದುಕೊಂಡು ಎದ್ದು, "ಮೈ ಹರದೀತು, ಸೆರಗ ಹರದೀತು, ಹುಲಿಗೆಮ್ಮನ ಕೊಂಡಿ ಮಾತ್ರ ಬಿಚ್ಚಂಗಿಲ್ಲ ನೋಡ್ರಿ" ಎಂದಳು. ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಅದು ಜಂಬವಲ್ಲ ಎಂದು ತಿಳಿಯಲು ನಾನು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಗಿಳಿಹಸಿರು ಮೈ, ಕೆಂಪು ದಡಿ, ಕೆಂಪು ಸೆರಗಿನ ತುಂಬ ಬಿಳಿಯ ತೆನೆ. ನನ್ನ ರೂಪವನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಹೊಗಳುವವರು ಯಾರೂ ಉಳಿದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ. ಸೀರೆಯಾಗಿ ಹುಟ್ಟಿದವಳಿಗೆ ಆಸೆ ಒಂದೇ. ಯಾವಳಾದರೂ ಉಟ್ಟು, ಕನ್ನಡಿ ನೋಡಿ, ನಾಲ್ಕು ಜನರ ನಡುವೆ ಓಡಾಡಬೇಕು. ಆಮೇಲೆ ಬಣ್ಣ ಹೋಗಲಿ, ಹರಿಯಲಿ, ಒರೆಸುವ ಬಟ್ಟೆಯಾಗಲಿ, ದುಃಖವಿಲ್ಲ.

ಗದಗಿನ ಅಂಗಡಿಯಲ್ಲಿ ನನಗೆ ಗಳಿಗೆ ಬಿತ್ತು. ಗಳಿಗೆ ಎಂದರೆ ಹೊಸ ಸೀರೆಗೆ ಅಂಗಡಿಯವನು ಹಾಕುವ ಮಡಿಕೆ. ಉಡುವವಳು ಅದನ್ನು ಮುರಿದು, ಕೊಡವಿ, ಮೈಗೆ ಸುತ್ತಿಕೊಂಡ ಮೇಲೆಯೇ ಸೀರೆ ಅವಳದು ಎಂದು ನಮ್ಮ ಕಡೆಯ ನಂಬಿಕೆ. ಅಂಗಡಿಕಾರ ನನ್ನ ಒಳಗಂಚಿಗೆ ನೀಲಿ ಮುದ್ರೆ ಒತ್ತಿ ಕಪಾಟಿನಲ್ಲಿಟ್ಟ. ಕೆಲವು ದಿನಗಳ ಮೇಲೆ ಗಂಡ ಹೆಂಡತಿ ಬಂದು ಗಾದಿಯ ಮೇಲೆ ಕೂತರು. ಗಂಡ ಗುರುಸಿದ್ದಪ್ಪ, ಬೆಟಗೇರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಎಷ್ಟು ಕೊಡವಿಕೊಂಡರೂ ಹುಬ್ಬಿನಲ್ಲಿ ಒಂದಿಷ್ಟು ಹಿಟ್ಟು ಇರುತ್ತಿತ್ತು. ಹೆಂಡತಿ ಕಸ್ತೂರೆವ್ವ ಪಕ್ಕದ ಸಾದಾ ಸೀರೆಯ ಮೇಲೆ ಕೈಯಿಟ್ಟು, "ಇದ ಸಾಕಲ್ಲ" ಎಂದಳು. ಗುರುಸಿದ್ದಪ್ಪ ನನ್ನನ್ನು ಎತ್ತಿಕೊಂಡ.

"ಅಕ್ಕಗ ಹಸರ ಒಪ್ಪತೈತಿ. ಚಲೋದ ಇರಲಿ."

ಅವನಿಗೆ ಅಕ್ಕನ ಮೇಲೆ ಪ್ರೀತಿ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅಂಗಡಿಕಾರ ನನ್ನನ್ನು ಚೀಲಕ್ಕೆ ಹಾಕುತ್ತ, "ಬಣ್ಣ ಮನಸ್ಸಿಗೆ ಬರಲಿಲ್ಲಂದ್ರ ತಿರುಗಿ ತರ್ರಿ. ಗಳಿಗಿ ಮುರದಿರಬಾರದು, ಅಷ್ಟ" ಎಂದ.

ಆ ಮನೆಗೆ ಹೋದ ಮೇಲೆ ಸಂಗತಿ ತಿಳಿಯಿತು. ಗಿರಣಿ ಶಿವರುದ್ರಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಹೆಂಡತಿ ಮೊದಲೇ ಹೋಗಿದ್ದಳು. ಉಳಿದವರು ಮಗಳು ಶಂಕ್ರವ್ವ, ಮಗ ಗುರುಸಿದ್ದಪ್ಪ, ಇಬ್ಬರೇ. ಮುದುಕ ಬದುಕಿದ್ದಾಗ ಮೃತ್ಯುಪತ್ರ ಬರೆಸಿದ್ದ. ಗುಟ್ಟೇನೂ ಇರಲಿಲ್ಲ, ಗಿರಣಿಗೆ ಜೋಳ ತಂದವರಿಗೆಲ್ಲ ತಾನೇ ಹೇಳಿಕೊಂಡು ತಿರುಗಿದ್ದ. ಗಿರಣಿ, ಮುಂದಿನ ಪಡಸಾಲೆ, ಅಡುಗೆಮನೆ ಮಗನಿಗೆ. ಹಿತ್ತಲ ಕಡೆಯ ಎರಡು ಖೋಲಿ ಶಂಕ್ರವ್ವನಿಗೆ. ಅಳಿಯ ಈರಪ್ಪ ರೋಣದ ಹತ್ತಿಯ ಜಿನ್ನಿನಲ್ಲಿ ಕೂಲಿ ಮಾಡುತ್ತ ಬಾಡಿಗೆ ಮನೆಯಲ್ಲಿದ್ದ. ಎದೆಯಲ್ಲಿ ಹತ್ತಿಯ ಧೂಳು ತುಂಬಿಕೊಂಡ ಮನುಷ್ಯ, ಬಹಳ ದಿನ ಬಾಳುವವನಲ್ಲ ಎಂದು ಮಾವನಿಗೆ ಗೊತ್ತಿತ್ತು. ಮಗಳ ತಲೆಯ ಮೇಲೆ ಒಂದು ಸೂರು ಇರಲಿ ಎಂದು ಬರೆದ.

ಬರೆದರೆ ಆಯಿತೇ? ಹೊಸ ಗಿರಣಿ ಯಂತ್ರಕ್ಕೆ ವಿದ್ಯುತ್ ಬೇಕು, ವಿದ್ಯುತ್ತಿಗೆ ಆಸ್ತಿಯ ಉತಾರದಲ್ಲಿ ಗುರುಸಿದ್ದಪ್ಪನ ಹೆಸರು ಬೇಕು. ಅವನು ಶಂಕ್ರವ್ವನನ್ನು ಕರೆಸಿ ಪಡಸಾಲೆಯಲ್ಲಿ ಕೂರಿಸಿ, ವಕೀಲರು ಹೇಳಿದ್ದನ್ನು ಹೇಳಿದ. ನಾನು ಪಕ್ಕದ ಕಪಾಟಿನಲ್ಲೇ ಇದ್ದೆ.

"ಅಕ್ಕಾ, ಅಪ್ಪನ ಮೃತ್ಯುಪತ್ರ ರಿಜಿಸ್ಟರ್ ಆಗಿಲ್ಲಂತ. ಕೋರ್ಟಿಗೆ ಹಾಕಿ, ಇದು ಅಪ್ಪನ ಪತ್ರನ ಹೌದು ಅಂತ ಸಾಬೀತ ಮಾಡಿ ಮುದ್ರಿ ಒತ್ತಿಸ್ಕೋಬೇಕಂತ. ಅದಕ್ಕ ಪ್ರೊಬೇಟ್ ಅಂತಾರ. ಸಾಕ್ಷಿ ಹಾಕಿದ ಚನ್ನಪ್ಪ ಕಾಕಾ ಸತ್ತಾನ, ಇನ್ನೊಬ್ಬಗ ನೆನಪ ಹಾರೇತಿ. ವರ್ಷಾನಗಟ್ಲೆ ಹಿಡೀತೈತಿ. ನೀ ಹಕ್ಕ ಬಿಟ್ಟಕೊಟ್ಟಂಗ ಸಹಿ ಮಾಡಿದ್ರ ಒಂದ ದಿನದ ಕೆಲಸ."

"ಮತ್ತ ಖೋಲಿ?"

"ಖೋಲಿ ಎಲ್ಲಿ ಹೊಕ್ಕಾವ? ನಿನ್ನಾವ. ನಿನ್ನ ಹೊರಗ ಹಾಕಾವ್ರು ಯಾರದಾರ ಇಲ್ಲಿ?"

ಹಕ್ಕು ಕೇಳುವ ಮಗಳಿಗೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಶಂಕ್ರವ್ವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಕೇಳುತ್ತಲೇ ಬೆಳೆದವಳು. ನಾಗರ ಪಂಚಮಿಗೆ ಕರೆಯಲು ಬರುವ ತಮ್ಮ ಬೇಕೋ, ಎರಡು ಖೋಲಿ ಬೇಕೋ ಎಂದರೆ ಯಾವ ಅಕ್ಕ ಖೋಲಿ ಎಂದಾಳು? ತಮ್ಮ ಎರಡನ್ನೂ ಕೊಡುತ್ತೇನೆ ಅನ್ನುತ್ತಿದ್ದಾನೆ. ಅವಳು ಹೂಂ ಎಂದಳು.

ಸಹಿಯ ದಿನ ಕಸ್ತೂರೆವ್ವ ನನ್ನನ್ನು ಚೀಲದಲ್ಲಿಟ್ಟು ಕಚೇರಿಗೂ ತಂದಳು. ಪತ್ರ ಬರೆಯುವವನು ಮೂಗಿನ ತುದಿಗೆ ಕನ್ನಡಕ ಇಳಿಸಿ, ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದ. ತಂದೆಯ ಸ್ವತ್ತಿನಲ್ಲಿ ಮೃತ್ಯುಪತ್ರದಿಂದಾಗಲಿ, ವಾರಸಾ ಹಕ್ಕಿನಿಂದಾಗಲಿ ನನಗೆ ಬರಬಹುದಾದ ಎಲ್ಲವನ್ನೂ ತಮ್ಮನಿಗೆ ಬಿಟ್ಟುಕೊಟ್ಟಿದ್ದೇನೆ. ಅದರ ಬಾಬ್ತು ಅರಿಷಿಣ ಕುಂಕುಮ, ಒಂದು ಇಳಕಲ್ ಸೀರೆ, ಒಂದು ಕುಬಸದ ಕಣ ಮುಟ್ಟಿದೆ. ಹಾಗೆ ನನ್ನ ಹೆಸರು ಸರಕಾರಿ ಕಾಗದದಲ್ಲಿ ಬಂತು. ಎರಡು ಖೋಲಿ ಒಂದು ಕಡೆ, ನಾನು ಒಂದು ಕಡೆ. ಚೀಲದೊಳಗೆ ನನಗೆ ಮೈ ಬಿಸಿಯಾಯಿತು. ಸಬ್ ರಜಿಸ್ಟ್ರಾರ್ ತಲೆ ಎತ್ತದೆ, "ಒಪ್ಪಿಗೆ ಇದೆಯೇನಮ್ಮ?" ಎಂದರು. ಶಂಕ್ರವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಹೂಂ ಎಂದಳು. ಹೆಸರು ಬರೆಯುವಷ್ಟು ಶಾಲೆ ಕಲಿತಿದ್ದಳು, ಬರೆದಳು.

ಮನೆಗೆ ಬಂದು ಉಡಿ ತುಂಬುವ ಶಾಸ್ತ್ರ. ಮಣೆಯ ಮೇಲೆ ಶಂಕ್ರವ್ವ ಪೂರ್ವಕ್ಕೆ ಮುಖ ಮಾಡಿ ಕೂತಳು. ಕಸ್ತೂರೆವ್ವ ಅವಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲೆಯಡಿಕೆ ಹಾಕಿ, ಕುಬಸದ ಕಣ ಹಾಕಿ, ಕೊನೆಗೆ ನನ್ನನ್ನು ಇಟ್ಟಳು. ಎಷ್ಟೋ ದಿನದಿಂದ ಕಾಯುತ್ತಿದ್ದ ಮಡಿಲು. ಇನ್ನೇನು, ಈಗ ಒಳಗೆ ಹೋಗಿ ಉಟ್ಟು ಬರುತ್ತಾಳೆ, ತವರಿನ ಸೀರೆಯನ್ನು ತವರಿನಲ್ಲೇ ಉಟ್ಟು ಹೋಳಿಗೆ ಉಂಡು ಹೋಗುವುದು ಪದ್ಧತಿ ಎಂದು ಹಿಗ್ಗಿದೆ. ಆಗ ಕಸ್ತೂರೆವ್ವ ಅರಿಷಿಣದ ಕೈ ಒರೆಸಿಕೊಳ್ಳುತ್ತ ಒಂದು ಮಾತು ಆಡಿದಳು.

"ನಕ್ಕೋಂತ ತಗೋರಿ ಅಕ್ಕಾರ. ಇನ್ನ ಕೊಡೂದು ತಗೊಳ್ಳೂದು ಎಲ್ಲಾ ಮುಗೀತಲ್ಲ."

ಶಂಕ್ರವ್ವನ ಕೈ ನನ್ನ ಮೇಲೆ ಹಾಗೆಯೇ ನಿಂತಿತು. ಅವಳು ತಮ್ಮನ ಮುಖ ನೋಡಿದಳು. ತಮ್ಮ ಹೊಸ ಯಂತ್ರ ಎಲ್ಲಿ ಕೂರಿಸಬೇಕೆಂದು ಯಾರಿಗೋ ಹೇಳುತ್ತಿದ್ದ.

"ಒಳಗ ಹೋಗಿ ಉಟ್ಟ ಬರ್ರಿ" ಎಂದಳು ಕಸ್ತೂರೆವ್ವ.

"ಈಗ ಬ್ಯಾಡ. ಬಸ್ಸಿನಾಗ ಹೊಲಸಾಕ್ಕೈತಿ. ಪಂಚಮಿಗೆ ಉಡ್ತೀನಿ."

ಪಂಚಮಿ ಬಂತು, ಹೋಯಿತು. ರೋಣದ ಬಾಡಿಗೆ ಮನೆಯಲ್ಲಿ, ತಗಡಿನ ಟ್ರಂಕಿನ ತಳದಲ್ಲಿ, ಬೇವಿನೆಲೆಯ ನಡುವೆ ನಾನು ಮಲಗಿದ್ದೆ. ಟ್ರಂಕಿನೊಳಗೆ ಕಣ್ಣಿಗೆ ಕೆಲಸವಿಲ್ಲ, ಕಿವಿ ಚುರುಕಾಗುತ್ತದೆ. ಶಂಕ್ರವ್ವ ಯಾಕೆ ನನ್ನನ್ನು ಉಡುವುದಿಲ್ಲ ಎನ್ನುವುದು ಅವಳು ಮಗಳು ದಾನಮ್ಮನಿಗೆ ಹೇಳಿದಾಗ ನನಗೂ ಗೊತ್ತಾಯಿತು.

ಶಂಕ್ರವ್ವ ಇನ್ನೂ ಲಂಗ ಉಡುತ್ತಿದ್ದ ಕಾಲದ ಮಾತು. ಓಣಿಯ ಒಂದು ಹುಡುಗಿಗೆ ನಿಶ್ಚಯವಾಗಿ, ಗಂಡಿನವರು ಸೀರೆ ಕೊಟ್ಟು ಹೋಗಿದ್ದರು. ಆಮೇಲೆ ಆ ಗಂಡಿಗೆ ಮೂರ್ಛೆ ರೋಗವಿದೆ ಎಂದು ತಿಳಿಯಿತು. ಗಂಡಿನವರು ಬಿಡಲೊಲ್ಲರು, ಸೀರೆ ತಗೊಂಡ ಮೇಲೆ ಹೆಣ್ಣು ನಮ್ಮದು ಎಂದು ಪಟ್ಟು ಹಿಡಿದರು. ನ್ಯಾಯ ಗಿರಣಿ ಶಿವರುದ್ರಪ್ಪನ ಕಟ್ಟೆಗೆ ಬಂತು. ಅವನು ಗಿರಣಿ ನಿಲ್ಲಿಸಿ ಹೊರಗೆ ಬಂದು, ಸೀರೆ ತರಿಸಿ, ಎಲ್ಲರೆದುರು ತಿರುವಿ ನೋಡಿ, "ಗಳಿಗಿ ಮುರದಿಲ್ಲ. ಮುರೀದ ಸೀರಿ ತಗೊಂಡಂಗ ಅಲ್ಲ. ಒಯ್ಯರಿ ನಿಮ್ಮ ಸೀರಿ" ಎಂದ. ಗಂಡಿನವರು ಸೀರೆ ಎತ್ತಿಕೊಂಡು ಹೋದರು. ಹುಡುಗಿ ಉಳಿದಳು.

"ನಮ್ಮಪ್ಪ ಮಾಡಿದ ನ್ಯಾಯ ಅದು" ಎಂದಳು ಶಂಕ್ರವ್ವ ಮಗಳಿಗೆ. "ಈ ಸೀರಿ ನಾ ಉಟ್ಟಿಲ್ಲ. ಖೋಲಿ ಬಿಟ್ಟೂ ಇಲ್ಲ. ನಾಳೆ ಅವ್ರು ಮಾತಿಗೆ ತಪ್ಪಿದ್ರ ಇದನ್ನ ಹಂಗ ತಿರುಗಿ ಕೊಡ್ತೀನಿ."

ಹೇಳುವುದಕ್ಕೆ ನನಗೆ ಬಾಯಿ ಇದ್ದಿದ್ದರೆ! ಕಟ್ಟೆಯ ನ್ಯಾಯ ಬೇರೆ, ಮುದ್ರೆ ಒತ್ತಿದ ಕಾಗದ ಬೇರೆ ತಾಯಿ. ನಾನು ಚೀಲದೊಳಗಿಂದ ಕಿವಿಯಾರೆ ಕೇಳಿದ್ದೇನೆ, ಅದರಲ್ಲಿ ಮುಟ್ಟಿದೆ ಎಂದು ಬರೆದಿದ್ದಾರೆ, ಉಟ್ಟಳೋ ಬಿಟ್ಟಳೋ ಯಾರೂ ಬರೆದಿಲ್ಲ ಎಂದು ಕೂಗಿ ಹೇಳುತ್ತಿದ್ದೆ. ಅವಳು ನನ್ನನ್ನು ನಂಬಿದಷ್ಟು ಆ ಕಾಗದವನ್ನು ನಂಬಲಿಲ್ಲ.

ದಾನಮ್ಮನ ಮದುವೆ ಬಂತು. ಬೀಗರ ಮುಂದೆ ಶಂಕ್ರವ್ವ ಎರಡು ಕಡೆ ತೇಪೆ ಹಾಕಿದ ಸೀರೆ ಉಟ್ಟು ಓಡಾಡಿದಳು. ಬೀಗಿತ್ತಿ ಕೇಳುವಂತೆಯೇ ಯಾರೋ, "ಮಗಳ ಲಗ್ನಕ್ಕರೆ ಒಂದ ಚಲೋ ಸೀರಿ ಇಲ್ಲೇನ?" ಎಂದರು. ದಾನಮ್ಮ ಒಳಗೆ ಬಂದು ಅತ್ತಳು.

"ಅವ್ವಾ, ಆ ಹಸರ ಸೀರಿ ಉಡ. ನನ್ನ ಮರ್ಯಾದಿ ಹೋಗಾಕತ್ತೈತಿ."

"ಮರ್ಯಾದಿ ನಾಳೆ ಬರತೈತಿ. ಖೋಲಿ ಹೋದ್ರ ಬರಂಗಿಲ್ಲ. ಸುಮ್ಮ ಹೋಗು."

ದೀಪಾವಳಿ ಕಳೆದ ಮೇಲೆ ಉಳಿದ ಸೀರೆಗಳೆಲ್ಲ ಹಗ್ಗದ ಮೇಲೆ ಬಿಸಿಲು ಕಾಯಿಸಿಕೊಂಡು ಬರುತ್ತಿದ್ದವು. ನನಗೆ ಬಿಸಿಲಿಲ್ಲ, ಗಾಳಿಯಿಲ್ಲ. ನನ್ನನ್ನು ಬಿಚ್ಚಿದರೆ ಗಳಿಗೆ ಮುರಿಯುತ್ತದಲ್ಲ. ಶಂಕ್ರವ್ವ ಹೊರಮೈಯನ್ನಷ್ಟೇ ಕೈಯಿಂದ ಸವರಿ, ಬೇವಿನೆಲೆ ಬದಲಿಸಿ, ಮತ್ತೆ ತಳಕ್ಕೆ ಇಡುವಳು. ರೇಷ್ಮೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಏನಾಗುತ್ತದೆ ಎಂದು ಹುಲಿಗೆಮ್ಮನಿಗೆ ಗೊತ್ತಿತ್ತು. ಶಂಕ್ರವ್ವನಿಗೂ ಗೊತ್ತಿರಬೇಕು, ಯಾವ ಹೆಂಗಸಿಗೆ ಗೊತ್ತಿಲ್ಲ? ಆದರೆ ಬಿಚ್ಚಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಈರಪ್ಪ ಸತ್ತ. ಮಾವ ಎಣಿಸಿದಂತೆಯೇ ಎದೆಯ ಧೂಳು ಅವನನ್ನು ಒಯ್ದಿತು. ಮನೆಯ ಮಾಲೀಕ ದಿನಕರ್ಮ ಮುಗಿಯುವವರೆಗೆ ಕಾದು, ಆಮೇಲೆ ಮನೆ ಬಿಡಲು ಹೇಳಿದ. ಶಂಕ್ರವ್ವ ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳ ಮೊಣಕಾಲು ಟ್ರಂಕಿಗೆ ತಾಗಿಕೊಂಡೇ ಇತ್ತು. ಗಂಡ ಹೋದ ದುಃಖದ ಅಡಿಯಲ್ಲಿ ಒಂದು ಚೂರು ಧೈರ್ಯ ಇತ್ತು ಅವಳಿಗೆ, ಅಪ್ಪನ ಖೋಲಿಗೆ ಹೋಗುತ್ತಿದ್ದೇನೆ ಎಂದು.

ಖೋಲಿಯ ತುಂಬ ರವೆಯ ಚೀಲ, ಹಿಂಡಿಯ ಚೀಲ. ಒಂದು ಗೋಡೆ ಒಡೆದು ಗಾಡಿ ಬರುವಷ್ಟು ಬಾಗಿಲು ಇಟ್ಟಿದ್ದರು. ಗುರುಸಿದ್ದಪ್ಪ ಅಕ್ಕನನ್ನು ನೋಡಿ ಎದ್ದು ನಿಂತ, ಅತ್ತ, ನೀರು ಕೊಡಿಸಿದ. ಆದರೆ ಚೀಲ ತೆಗೆಸುತ್ತೇನೆ ಎನ್ನಲಿಲ್ಲ. ಊಟಕ್ಕೆ ಬಡಿಸಿದ ಮೇಲೆ ಕಸ್ತೂರೆವ್ವ ಮೆತ್ತಗೆ ಹೇಳಿದಳು.

"ಹಬ್ಬಕ್ಕ ಬರ್ರಿ ಅಕ್ಕಾರ, ಎರಡ ದಿನ ಇರ್ರಿ, ಉಂಡು ಹೋಗ್ರಿ. ಕಾಯಂ ಇರಾಕ ಜಾಗಾ ಎಲ್ಲೈತಿ ಹೇಳ್ರಿ?"

"ಜಾಗಾ ನಂದೈತಲ್ಲ ಕಸ್ತೂರಿ."

"ಬರದ ಕೊಟ್ಟೀರಲ್ಲ."

ಶಂಕ್ರವ್ವ ತಮ್ಮನ ಕಡೆ ತಿರುಗಿದಳು. "ತಮ್ಮಾ, ನಿನ್ನ ಸೀರಿ ನನ್ನ ಟ್ರಂಕಿನ್ಯಾಗ ಹಂಗ ಐತಿ. ತಗೊಂಡ್ಬಿಡು."

ಗುರುಸಿದ್ದಪ್ಪನಿಗೆ ಅರ್ಥವೇ ಆಗಲಿಲ್ಲ. "ಸೀರಿ ಯಾಕ ಕೊಡ್ತಿ ಅಕ್ಕಾ? ನಿನಗಂತ ತಂದದ್ದು" ಎಂದ. ಅವನು ನಿಜವಾಗಿಯೂ ಹಾಗೆ ಅಂದುಕೊಂಡಿದ್ದ. ಅಪ್ಪ ಕಟ್ಟೆಯ ಮೇಲೆ ನ್ಯಾಯ ಮಾಡಿದಾಗ ಅವನು ತೊಟ್ಟಿಲಲ್ಲಿದ್ದ.

ತಾಯಿಯನ್ನು ತನ್ನ ಮನೆಗೆ ಕರೆದೊಯ್ದು ದಾವೆ ಹೂಡುವಂತೆ ಹೇಳಿದವಳು ದಾನಮ್ಮ. ವಕೀಲೆ ಸಿಕ್ಕಳು, ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು. ಅವಳು ಒಂದೇ ದಾರಿ ಇದೆ ಎಂದಳು. ಪತ್ರದಲ್ಲಿ ಏನಿದೆ ಎಂದು ಓದಿ ಹೇಳದೆ, ಮೋಸದಿಂದ ಸಹಿ ಹಾಕಿಸಿಕೊಂಡರು ಎಂದು ಸಾಬೀತಾದರೆ ಮಾತ್ರ ಹಕ್ಕು ಬಿಟ್ಟ ಪತ್ರ ರದ್ದಾಗುತ್ತದೆ. ಅದು ರದ್ದಾದ ಮೇಲೆ ಮೃತ್ಯುಪತ್ರಕ್ಕೆ ಪ್ರೊಬೇಟ್ ಕೇಳಬಹುದು. "ಅಜ್ಜಿ, ನಿಮಗ ಯಾರೂ ಓದಿ ಹೇಳಿಲ್ಲ. ಅಷ್ಟ ಅನ್ರಿ ಸಾಕು" ಎಂದು ಹತ್ತು ಸಲ ಹೇಳಿಕೊಟ್ಟಳು. ಶಂಕ್ರವ್ವ ತಲೆಯಾಡಿಸಿದಳು. ಮನೆಗೆ ಬಂದು ಟ್ರಂಕಿನ ಮುಚ್ಚಳ ತೆಗೆದು ನನ್ನ ಮೇಲೆ ಕೈಯಿಟ್ಟು, "ನೀ ಇರೂತನಾ ನಾ ಯಾಕ ಸುಳ್ಳ ಹೇಳಲಿ?" ಎಂದಳು. ಅಯ್ಯೋ ತಾಯಿ, ಎಂದುಕೊಂಡೆ.

ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು ಬಿದ್ದವು. ಗೆದ್ದವನು ಸೋತ, ಸೋತವನು ಸತ್ತ ಎಂದು ಹೇಳಿದವನು ಆ ವರಾಂಡದ ಕಲ್ಲುಬೆಂಚಿನ ಮೇಲೆ ಕೂತೇ ಹೇಳಿರಬೇಕು. ಕೊನೆಗೊಂದು ದಿನ ಶಂಕ್ರವ್ವ ಸಾಕ್ಷಿಕಟ್ಟೆಗೆ ಹತ್ತಿದಳು, ಬಗಲಲ್ಲಿ ಚೀಲ, ಚೀಲದಲ್ಲಿ ನಾನು. ತಮ್ಮನ ಕಡೆಯ ವಕೀಲರು ಪತ್ರ ಎತ್ತಿ ಹಿಡಿದರು.

"ಈ ಸಹಿ ಯಾರದು?"

"ನಂದ್ರಿ."

"ಸಹಿ ಮಾಡೂಕ್ಕಿಂತ ಮೊದಲ ಓದಿ ಹೇಳಿದ್ರೋ ಇಲ್ಲೋ?"

ಅವಳ ವಕೀಲೆ ಕತ್ತು ಉದ್ದ ಮಾಡಿದಳು. ಶಂಕ್ರವ್ವ ಅವಳ ಕಡೆ ನೋಡಲಿಲ್ಲ.

"ಓದಿ ಹೇಳಿದ್ರು. ಸುಳ್ಳ ಯಾಕ ಹೇಳಲಿ? ಆದ್ರ ನಾ ಸೀರಿ ತಗೊಂಡಿಲ್ಲರೀ."

"ಮುಟ್ಟೇತಿ ಅಂತ ಬರದೈತಲ್ಲ?"

"ಮುಟ್ಟೇತಿ. ತಗೊಂಡಿಲ್ಲ." ಅವಳು ಚೀಲದಿಂದ ನನ್ನನ್ನು ತೆಗೆದು ಕಟ್ಟೆಯ ಹಲಗೆಯ ಮೇಲೆ ಇಟ್ಟಳು. "ಗಳಿಗಿ ಮುರದಿಲ್ಲ ನೋಡ್ರಿ. ಇಂದಿಗೂ ಹೆಂಗ ಕೊಟ್ಟಿದ್ರೋ ಹಂಗ ಐತಿ. ನಮ್ಮಪ್ಪನ ನ್ಯಾಯದಾಗ ಇದು ತಗೊಂಡಂಗ ಅಲ್ಲ. ಅವನ ಮೃತ್ಯುಪತ್ರ ಕೇಳಾಕ ಬಂದೀವಿ ಅಂದ್ರ, ಅವನ ನ್ಯಾಯಾನೂ ಕೇಳಬೇಕಲ್ಲರೀ?"

ಯಾರೋ ನಕ್ಕರು. ಜಡ್ಜ್ ನಗಲಿಲ್ಲ. ತಮ್ಮನ ವಕೀಲರು, "ಇದ ಆ ಸೀರಿ ಅಂತ ಏನ್ ಗ್ಯಾರಂಟಿ? ಬಜಾರದಾಗ ಸಾವಿರ ಸಿಗತಾವ" ಎಂದರು.

"ಒಳಗಂಚಿಗೆ ಅಂಗಡಿ ಮುದ್ರಿ ಐತಿ. ತೋರಸ್ತೀನಿ."

ಬೇಡ ಎಂದು ನನ್ನ ಎಳೆ ಎಳೆಯೂ ಕೂಗಿತು. ಇಷ್ಟು ವರ್ಷ ಕಾದಿಟ್ಟ ಗಳಿಗೆಯನ್ನು ಅವಳು ತನ್ನ ಕೈಯಾರೆ, ಎಲ್ಲರೆದುರು ಬಿಚ್ಚಿದಳು. ಸೆರಗಿನ ರೇಷ್ಮೆ ಮಡಿಕೆಗೆ ಮಡಿಕೆ ಪರ್ ಪರ್ ಎಂದು ಸೀಳಿತು. ಎಳೆದದ್ದೂ ಅಲ್ಲ, ಬರೀ ಎತ್ತಿದ್ದಷ್ಟೇ. ಒಣ ಹಪ್ಪಳದ ಹಾಗೆ ನಾನು ಅವಳ ಕೈಯಲ್ಲಿ ತುಂಡಾದೆ. ಹುಲಿಗೆಮ್ಮನ ಕೊಂಡಿ ಮಾತ್ರ ಹಾಗೆಯೇ ಇತ್ತು. ಅದರ ಎರಡೂ ಕಡೆ ನಾನು ಹರಿದಿದ್ದೆ. ನೀಲಿ ಮುದ್ರೆ ಸ್ಪಷ್ಟವಾಗಿತ್ತು. ಅದನ್ನು ಯಾರೂ ನೋಡಲಿಲ್ಲ.

ಶಂಕ್ರವ್ವ ಆ ತುಂಡುಗಳನ್ನು ಜೋಡಿಸಲು ನೋಡಿದಳು. "ಉಟ್ಟಿಲ್ಲರೀ. ಖರೇನ ಉಟ್ಟಿಲ್ಲ" ಎಂದಳು. ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ಗುರುಸಿದ್ದಪ್ಪ ನೆಲ ನೋಡುತ್ತಿದ್ದ. ಸಾಯುವವರೆಗೂ ನಾನು ಮರೆಯಲಾರದ ಗಳಿಗೆಯದು, ಸೀರೆಗೆ ಸಾವು ಅಂತ ಒಂದಿದ್ದರೆ.

ಜಡ್ಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದಕ್ಷಿಣದ ಕಡೆಯವರು, ಮಾತು ಮೆದು. "ಅಮ್ಮಾ, ನೀವು ಸೀರೆ ಉಟ್ಟಿದ್ರೂ ಅಷ್ಟೇ, ಉಡದಿದ್ರೂ ಅಷ್ಟೇ. ಓದಿ ಹೇಳಿದ್ರು, ಒಪ್ಪಿ ಸಹಿ ಮಾಡಿದ್ರಿ. ಅವತ್ತೇ ಮುಗೀತು. ಕಾನೂನಿಗೆ ಮಡಿಕೆ ಕಾಣೋದಿಲ್ಲ. ನನಗೆ ಕಾಣ್ತಿದೆ, ಆದ್ರೆ ನಾನು ಏನೂ ಮಾಡೋ ಹಾಗಿಲ್ಲ."

ದಾವೆ ವಜಾ ಆಯಿತು. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಗುರುಸಿದ್ದಪ್ಪ, "ಅಕ್ಕಾ" ಎಂದು ಕರೆದ. ಅವಳು ತಿರುಗಲಿಲ್ಲ. ಖೋಲಿ ಉಳಿಸಿಕೊಳ್ಳಲು ಹೋಗಿ ತವರನ್ನೂ ಕಳೆದುಕೊಂಡಿದ್ದಳು. ಆ ವರ್ಷದ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ, ಆಮೇಲಿನ ಪಂಚಮಿಗಳಿಗೂ ಬರಲಿಲ್ಲ.

ದಾನಮ್ಮ ಇನ್ನು ನನ್ನ ಮನೆಯಲ್ಲೇ ಇದ್ದುಬಿಡು ಎಂದಳು. ಕಡೆತನಕ ಮಗಳ ಮನೆಯ ಅನ್ನ ಉಣ್ಣಲಾರೆ ಎಂದು ಶಂಕ್ರವ್ವ ಅದೇ ಓಣಿಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಅವರಿವರಿಗೆ ಕೌದಿ ಹೊಲಿದುಕೊಟ್ಟು ಬದುಕಿದಳು. ಹಳೆಯ ಸೀರೆ, ಹಳೆಯ ಧೋತರ ತಂದುಕೊಟ್ಟವರಿಗೆ ಪದರ ಕೂಡಿಸಿ ಬೆಚ್ಚಗಿನ ಹೊದಿಕೆ ಮಾಡಿಕೊಡುವುದು. ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಟ್ರಂಕಿನಿಂದ ನನ್ನನ್ನು ಹೊರಗೆಳೆದಳು. ನನಗೆ ಹೆದರಿಕೆಯಾಯಿತು, ಒಲೆಗೆ ಹಾಕುತ್ತಾಳೆಂದು. ಅವಳು ಬಿಸಿಲಿಗೆ ಹರವಿದಳು. ಹುಟ್ಟಿದ ಮೇಲೆ ಮೊದಲ ಬಾರಿ ಮೈತುಂಬ ಬಿಸಿಲು ಬಿತ್ತು. ಅವಳು ಬಹಳ ಹೊತ್ತು ಬಣ್ಣ ನೋಡುತ್ತ ಕೂತು, "ಹಸರು ಚಲೋ ಇತ್ತು. ಉಡಬೇಕಿತ್ತು" ಎಂದಳು.

ಆಮೇಲೆ ಕತ್ತರಿ ತೆಗೆದುಕೊಂಡಳು. ಕೊಂಡಿಯನ್ನು ಸೆರಗಿಗೇ ಬಿಟ್ಟು, ಮೈಯನ್ನು ಬೇರೆ ಮಾಡಿದಳು. ಹತ್ತಿಯಲ್ಲಿ ಇನ್ನೂ ಜೀವವಿತ್ತು; ಅದು ಕೌದಿಯ ಮೇಲ್ಪದರವಾಯಿತು. ಸೆರಗಿನ ತುಂಡುಗಳನ್ನು ಬೇರೊಂದು ಬಟ್ಟೆಯ ಮೇಲೆ ಇಟ್ಟು, ಒಂದೊಂದೇ ಹೊಲಿಗೆ ಹಾಕಿ ಕೂಡಿಸಿ, ಟ್ರಂಕಿನಲ್ಲಿಟ್ಟಳು. ಯಾಕೆ ಎಂದು ಹೇಳಲಿಲ್ಲ. ಹೀಗೆ ಬೇರೆ ಬೇರೆ ಹುಟ್ಟಿದ ನನ್ನ ಮೈ, ಸೆರಗು ಮತ್ತೆ ಬೇರೆ ಬೇರೆಯಾದವು.

ಕೊನೆಯ ಚಳಿಗಾಲದಲ್ಲಿ ನಾನು ಅವಳ ಹೊದಿಕೆಯಾಗಿದ್ದೆ. ಅವಳ ಎದೆಗೂಡು ಏರಿಳಿಯುವುದು ನನಗೆ ತಿಳಿಯುತ್ತಿತ್ತು. ದಾನಮ್ಮ ಗಂಜಿ ಕುಡಿಸಲು ಬಂದಾಗ ಅವಳು ಮಗಳ ಕೈ ಹಿಡಿದು ಹೇಳಿದಳು.

"ನಾ ಹ್ವಾದ ಮ್ಯಾಲೆ ತವರ ಸೀರಿ ತರತಾರ. ತಗೋಬ್ಯಾಡ. ತಗೊಂಡ್ರ ಏನ್ ಬರಸ್ಕೋತಾರೋ ಏನೋ."

ದಾನಮ್ಮ ನಗಲೋ ಅಳಲೋ ತಿಳಿಯದೆ ಗಂಜಿಯ ಬಟ್ಟಲು ಕೆಳಗಿಟ್ಟಳು.

ಸತ್ತ ಮೇಲೆ ಶಂಕ್ರವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದರು, ಹಣೆಗೆ ವಿಭೂತಿ ಬಳಿದರು. ಓಣಿಯ ಹೆಂಗಸರು ಪದ್ಧತಿ ಬಿಡುವವರಲ್ಲ. "ತವರ ಸೀರಿ ಬರೂತನಾ ಎತ್ತೂಹಂಗಿಲ್ಲ. ಎಲ್ಲಿ, ಹೇಳಿ ಕಳಿಸಿರೇನ?" ಎಂದರು. ಹೆಣ್ಣು ಎಲ್ಲಿಯೇ ಸಾಯಲಿ, ಎಷ್ಟೇ ಜಗಳವಿರಲಿ, ಮೈಮೇಲಿನ ಕಡೆಯ ಸೀರೆ ತವರಿನದೇ ಆಗಬೇಕು. ಬಿಸಿಲು ಏರಿತು. ಬರುವುದಿಲ್ಲ ಎಂದು ಜನ ಮಾತಾಡಿಕೊಳ್ಳತೊಡಗಿದಾಗ ದಾನಮ್ಮ ಎದ್ದು, ಟ್ರಂಕು ತೆಗೆದು, ಹೊಲಿಗೆಯ ಮೇಲೆ ಹೊಲಿಗೆ ಬಿದ್ದ ನನ್ನ ಕೆಂಪು ಸೆರಗನ್ನು ತಾಯಿಯ ತಲೆಯ ಮೇಲಿಂದ ಎದೆಯವರೆಗೆ ಹೊದಿಸಿದಳು. ಶಂಕ್ರವ್ವ ಅದನ್ನು ಯಾಕೆ ಹೊಲಿದಿಟ್ಟಿದ್ದಳೆಂದು ನನಗೆ ಆಗ ತಿಳಿಯಿತು.

ಅಷ್ಟರಲ್ಲಿ ಗುರುಸಿದ್ದಪ್ಪ ಬಂದ. ಮುದುಕನಾಗಿದ್ದ, ಕೋಲು ಊರಿದ್ದ. ಹುಬ್ಬಿನಲ್ಲಿದ್ದದ್ದು ಹಿಟ್ಟಲ್ಲ, ನರೆ. ಕೈಯಲ್ಲಿ ಅಂಗಡಿಯ ಚೀಲ. ಅಕ್ಕನ ಮುಂದೆ ಕುಸಿದು ಕೂತು ಅತ್ತ. ನಿಜವಾಗಿಯೂ ಅತ್ತ, ನಾನು ಸುಳ್ಳು ಹೇಳಲಾರೆ. ಆಮೇಲೆ ಚೀಲದಿಂದ ಹೊಸ ಸೀರೆ ತೆಗೆದ. ಹಸಿರೇ ತಂದಿದ್ದ.

"ದಾನಮ್ಮಾ, ತವರ ಸೀರಿ ಐತವಾ. ಹಾಕು."

"ನೀ ಕೊಟ್ಟ ಸೀರಿ ಅವ್ವನ ಮೈಮ್ಯಾಲ ಐತಿ ಮಾಂವ. ನೋಡು."

ಗುರುಸಿದ್ದಪ್ಪ ನೋಡಿದ. ಕೆಂಪು ಸೆರಗು, ಬಿಳಿಯ ತೆನೆ, ತೆನೆಗಳ ನಡುವೆ ಕೋರ್ಟಿನಲ್ಲಿ ಸೀಳಿದ ಗೆರೆಗಳು, ಗೆರೆಗಳ ಮೇಲೆ ಅಕ್ಕನ ಕೈಹೊಲಿಗೆ. ಗುರುತು ಹಿಡಿದ. ಮಡಿಲಲ್ಲಿದ್ದ ಹೊಸ ಸೀರೆಯ ಮೇಲೆ ಕೈಯಾಡಿಸುತ್ತ, "ಇದ?" ಎಂದ, ಸಣ್ಣ ಹುಡುಗನ ಹಾಗೆ.

"ಒಯ್ಯಿ ಮಾಂವ. ಗಳಿಗಿ ಮುರದಿಲ್ಲ. ಅಂಗಡಿಯಾಂವ ತಿರುಗಿ ತಗೋತಾನ."

ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡರು. ಶಂಕ್ರವ್ವನನ್ನು ಎತ್ತಿದರು. ನನ್ನ ಸೆರಗು ಹುಲಿಗೆಮ್ಮನ ಕೊಂಡಿಯ ಸಮೇತ ಅವಳ ಜೊತೆ ಮಣ್ಣಿಗೆ ಹೋಯಿತು. ಗುರುಸಿದ್ದಪ್ಪ ಎಲ್ಲರ ಹಿಂದೆ ಕೋಲು ಊರುತ್ತ ನಡೆದ, ಬಗಲಲ್ಲಿ ಆ ಚೀಲ ಇಟ್ಟುಕೊಂಡು.

ಉಳಿದ ನಾನು ಈಗ ದಾನಮ್ಮನ ಮನೆಯ ಮೂಲೆಯಲ್ಲಿ, ಗಳದ ಮೇಲೆ ನೇತಾಡುವ ಹಳೆಯ ಕೌದಿ. ಹಸಿರು ಎಂದು ಹೇಳಿದರೆ ಮಾತ್ರ ಹಸಿರು. ಎರಡು ಖೋಲಿಯ ಬೆಲೆಯಾದೆ, ಕೋರ್ಟಿನಲ್ಲಿ ಸಾಕ್ಷಿಯಾದೆ, ಹೊದಿಕೆಯಾದೆ. ಉಡಲೆಂದು ನೇಯ್ದ ನನ್ನನ್ನು ಉಟ್ಟವಳು ಒಬ್ಬಳೇ, ಅದೂ ಸೆರಗಷ್ಟೇ, ಅದೂ ಸತ್ತ ಮೇಲೆ. ಬೆಟಗೇರಿಯ ಆ ಖೋಲಿಗಳಲ್ಲಿ ಈಗಲೂ ಹಿಂಡಿಯ ಚೀಲಗಳಿವೆಯಂತೆ.

ದಾನಮ್ಮನಿಗೆ ಆಗಾಗ ಯಾರಾದರೂ ಸೀರೆ ಕೊಡುತ್ತಾರೆ. ಮನೆಗೆ ಬಂದವಳೇ ಅವಳು ಬಾಗಿಲು ಮುಂದೆ ಮಾಡಿ, ಗಳಿಗೆ ಮುರಿದು, ಉಟ್ಟುಕೊಂಡು, ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಆಮೇಲೆ ಅದೇ ಸೀರೆಯಲ್ಲಿ ರೊಟ್ಟಿ ಬಡಿಯಲು ಕೂರುತ್ತಾಳೆ.